ಸ್ಟೇಟಸ್‌ಗೆ ಹಾಕಿದ ಮೇಲೆ ಕಥೆ ಯಾಕೆ ಬರಲ್ಲ?

ಪ್ರಶ್ನೆ: ನಮಸ್ತೆ ಮೇಡಂ. ನಂಗೆ 43 ವರ್ಷ, ಊರು ಕುಂದಾಪುರದ ಹತ್ರ, ಮದುವೆಯಾಗಿ ಮುಂಬಯಿ ಹತ್ರದ ಡೊಂಬಿವ್ಲಿಗೆ ಬಂದು 19 ವರ್ಷ ಆಯ್ತು. ಫೋರ್ಟ್‌ನಲ್ಲಿ ಒಂದು ಆಫೀಸಿನ ಅಕೌಂಟ್ಸ್‌ನಲ್ಲಿದ್ದೀನಿ. ಮದುವೆಗೆ ಮುಂಚೆ ಕಥೆ ಬರೀತಿದ್ದೆ, ಎರಡು ಪ್ರಿಂಟ್ ಕೂಡ ಆಗಿತ್ತು. ಇಲ್ಲಿಗೆ ಬಂದ ಮೇಲೂ ಟ್ರೈನಲ್ಲಿ ಸೀಟ್ ಸಿಕ್ಕಿದ ದಿನ ಡೈರಿಯಲ್ಲಿ ಏನಾದ್ರೂ ಗೀಚ್ತಿದ್ದೆ. ಈಗ ನಾಲ್ಕು ವರ್ಷದಿಂದ ಒಂದು ಪುಟಾನೂ ಇಲ್ಲ. ಮನಸ್ಸಿಗೆ ಏನಾದ್ರೂ ತೋಚಿದ್ರೆ ಎರಡು ಸಾಲು ಸ್ಟೇಟಸ್‌ಗೆ ಹಾಕ್ತೀನಿ, ಅಷ್ಟೇ. ಬೆಳಿಗ್ಗೆ ಲೋಕಲ್ ಹತ್ತಿದ್ರೆ ಸಿಎಸ್‌ಎಂಟಿ ಬರೋವರೆಗೂ ರೀಲ್ಸ್, ಸಂಜೆ ಬರುವಾಗಲೂ ಅದೇ, ರಾತ್ರಿ ಮಲಗಿದ ಮೇಲೆ ಮತ್ತೊಂದು ಗಂಟೆ. ದಿನಕ್ಕೆ 5 ಗಂಟೆ 40 ನಿಮಿಷ ಅಂತ ಫೋನೇ ಲೆಕ್ಕ ತೋರಿಸತ್ತೆ, ನೋಡಿ ನಾಚಿಕೆ ಆಗತ್ತೆ. ಆಪ್ ಡಿಲೀಟ್ ಮಾಡಿ ಮೂರು ದಿನ ಇದ್ದೆ, ನಾಲ್ಕನೇ ದಿನ ಮತ್ತೆ ಹಾಕ್ಕೊಂಡೆ.

ಮನೇಲಿ ಮಾತೇ ಇಲ್ಲ. ನಮ್ಮ ಮನೆಯವರು ಹೋಟೆಲ್ ಮ್ಯಾನೇಜರ್, ರಾತ್ರಿ ಹತ್ತಕ್ಕೆ ಬಂದು ನೀರಿನ ತಂಬಿಗೆಗೆ ಫೋನ್ ಒರಗಿಸಿಟ್ಟು ಊಟ ಮಾಡ್ತಾರೆ. ಮಗಳಿಗೆ 16, ಚಿತ್ರ ಚೆನ್ನಾಗಿ ಬಿಡಿಸ್ತಾಳೆ, ಇನ್‌ಸ್ಟಾದಲ್ಲಿ ಹಾಕ್ತಾಳೆ, ಲೈಕ್ ಕಮ್ಮಿ ಬಂದ್ರೆ ಡಿಲೀಟ್ ಮಾಡಿ ಮಂಕಾಗಿ ಕೂತಿರ್ತಾಳೆ. ಪ್ರೋತ್ಸಾಹ ಇರಲಿ ಅಂತ ನಾನೂ ಅವಳ ಚಿತ್ರಗಳನ್ನ ನನ್ನ ಸ್ಟೇಟಸ್‌ಗೆ ಹಾಕ್ತೀನಿ. ಆಫೀಸಲ್ಲಿ ಒಬ್ರು ನಮ್ಮ ಮೆದುಳು ಗೋಲ್ಡ್‌ಫಿಶ್ ಥರ ಆಗಿದೆ, ಡೋಪಮೈನ್ ಡಿಟಾಕ್ಸ್ ಮಾಡಿ ಅಂತಾರೆ, ಇನ್ನೊಬ್ರು ಬಟನ್ ಫೋನ್ ತಗೊಳ್ಳಿ ಅಂತಾರೆ. ಮೊನ್ನೆ ಎಐಗೆ ಒಂದು ಕಥೆ ಬರೆದು ಕೊಡು ಅಂದೆ, ಒಂದು ನಿಮಿಷದಲ್ಲಿ ಕೊಡ್ತು, ಇನ್ನು ನಾನ್ಯಾಕೆ ಬರೀಬೇಕು ಅನ್ನಿಸ್ಬಿಡ್ತು. ನನ್ನ ತಲೆ ನಿಜಕ್ಕೂ ಹಾಳಾಗಿದೆಯಾ? ಮಗಳ ಫೋನ್ ಕಿತ್ಕೊಳ್ಳಲಾ?

ಇದನ್ನೆಲ್ಲ ಬರೆದಿದ್ದು ಆ ಜೋರು ಮಳೆ ದಿನ, ಲೋಕಲ್ ಸಾಯನ್ ಕುರ್ಲಾ ಮಧ್ಯ ಎರಡೂವರೆ ಗಂಟೆ ನಿಂತಿತ್ತು, ಬ್ಯಾಟರಿ ಸತ್ತುಹೋಗಿತ್ತು, ಬ್ಯಾಗಲ್ಲಿದ್ದ ಹಳೇ ವೋಚರ್‌ಗಳ ಹಿಂದೆ ಪೆನ್ನಲ್ಲಿ ಬರೆದು ಆಮೇಲೆ ಟೈಪ್ ಮಾಡಿದ್ದು. ಪಕ್ಕದಲ್ಲಿ ಒಬ್ಬ ಮಾವಶಿ (ವಯಸ್ಸಾದ ಮರಾಠಿ ಹೆಂಗಸು) ಮೊಳಕೆ ಬಂದ ವಾಲ್, ನಮ್ಮ ಅವರೆ ಥರದ ಕಾಳು, ಸುಲೀತಾ ಇದ್ರು, ನಂಗೂ ಒಂದು ಹಿಡಿ ಕೊಟ್ರು, ಇಬ್ರೂ ಸುಲಿದ್ವಿ. ಅವರ ಗಂಡನ ಬಗ್ಗೆ ಒಂದು ಮಾತು ಹೇಳಿದ್ರು, ಅದು ಇರಲಿ ಬಿಡಿ, ಈ ವಿಷಯಕ್ಕೆ ಸಂಬಂಧ ಇಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನ ಮೊದಲು ತಡೆದು ನಿಲ್ಲಿಸಿದ್ದೇ ಆ ಕೊನೇ ಪ್ಯಾರಾ. ನಾಲ್ಕು ವರ್ಷದಿಂದ ಒಂದು ಪುಟ ಬರೆದಿಲ್ಲ ಅನ್ನೋರು ಬ್ಯಾಟರಿ ಹೋದ ಎರಡೂವರೆ ಗಂಟೆಯಲ್ಲಿ ಇಷ್ಟು ಬರೆದಿದ್ದೀರಿ, ಅದೂ ತಂಬಿಗೆಗೆ ಒರಗಿಸಿದ ಫೋನ್ ಅಂತ ಒಂದೇ ಸಾಲಲ್ಲಿ ನಿಮ್ಮ ಅಡುಗೆಮನೆ ಪೂರ್ತಿ ಕಾಣೋ ಹಾಗೆ. ತಲೆ ಹಾಳಾಗಿದ್ರೆ ಆ ವೋಚರ್‌ಗಳು ಖಾಲಿಯಾಗೇ ಇರ್ತಿದ್ವು. ಹಾಗಂತ ಏನೂ ಆಗೇ ಇಲ್ಲ, ಆರಾಮಾಗಿರಿ ಅಂತ ಹೇಳಿ ಕಳಿಸೋದೂ ಸರಿಯಲ್ಲ, ಏನೋ ಆಗಿದೆ, ಆದ್ರೆ ಅದು ನೀವು ಅಂದ್ಕೊಂಡಿರೋ ಜಾಗದಲ್ಲಿಲ್ಲ.

ಮೊದಲು ಆ 5 ಗಂಟೆ 40 ನಿಮಿಷ. ಅದರಲ್ಲಿ ಅಮ್ಮನ ಜೊತೆ ವಿಡಿಯೋ ಕಾಲ್ ಇದೆ, ಲೋಕಲ್ ಟೈಮ್ ನೋಡೋ ಎಂ-ಇಂಡಿಕೇಟರ್ ಆಪ್ ಇದೆ, ಗೂಗಲ್ ಪೇ ಇದೆ, ಆಫೀಸ್ ಗ್ರೂಪ್ ಇದೆ. ಎಲ್ಲಾ ಸೇರಿಸಿ ಒಂದು ಮೊತ್ತ ಮಾಡಿ ಅದನ್ನ ಪಾಪದ ಲೆಕ್ಕ ಅಂತ ನೋಡಿದ್ರೆ ಅಕೌಂಟ್ಸ್‌ನವರಾದ ನೀವೇ ಒಪ್ಪಲ್ಲ, ಬ್ರೇಕಪ್ ಕೊಡಿ ಅಂತೀರಿ. ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಆಪ್‌ಗೆ ಎಷ್ಟು ಅಂತ ನೋಡಿ. ನನ್ನ ಕ್ಲಿನಿಕ್‌ಗೆ ಬರೋ ಹೆಚ್ಚಿನವರಲ್ಲಿ ಅವರಿಗೇ ಬೇಡ ಅನ್ನಿಸೋ ಟೈಮು ಒಂದೂವರೆ ಎರಡು ಗಂಟೆ ಇರತ್ತೆ, ಉಳಿದದ್ದು ಜೀವನ, ಅಷ್ಟೇ.

ಗೋಲ್ಡ್‌ಫಿಶ್ ಕಥೆಗೆ ಬುಡ ಇಲ್ಲ. ಮೀನಿನ ಗಮನ 9 ಸೆಕೆಂಡು, ಮನುಷ್ಯಂದು 8 ಸೆಕೆಂಡು ಅನ್ನೋ ಮಾತು 2015ರ ಸುಮಾರಿಗೆ ಎಲ್ಲಾ ಕಡೆ ಹಬ್ಬಿತು, ಅದರ ಮೂಲ ಹುಡುಕಿಕೊಂಡು ಹೋದವರಿಗೆ ಒಂದು ಸರಿಯಾದ ಸಂಶೋಧನೆಯೂ ಸಿಗಲಿಲ್ಲ. ನಿಜವಾಗಿ ಅಳೆದವರು ಕ್ಯಾಲಿಫೋರ್ನಿಯಾದ ಗ್ಲೋರಿಯಾ ಮಾರ್ಕ್. ಕಂಪ್ಯೂಟರ್ ಮುಂದೆ ಕೂತವರು ಒಂದು ಸ್ಕ್ರೀನ್ ಮೇಲೆ ಎಷ್ಟು ಹೊತ್ತು ನಿಲ್ತಾರೆ ಅಂತ 2004ರಲ್ಲಿ ನೋಡಿದಾಗ ಸರಾಸರಿ ಎರಡೂವರೆ ನಿಮಿಷ ಇತ್ತು, ಈಚಿನ ವರ್ಷಗಳ ಅಳತೆಯಲ್ಲಿ ಸುಮಾರು 47 ಸೆಕೆಂಡ್‌ಗೆ ಇಳಿದಿದೆ. ಆದ್ರೆ ಇದು ನಾವು ಏನು ಮಾಡ್ತಿದ್ದೀವಿ ಅನ್ನೋದರ ಲೆಕ್ಕ, ಎಷ್ಟು ಮಾಡೋಕ್ಕೆ ಸಾಧ್ಯ ಅನ್ನೋದರದ್ದಲ್ಲ. ಮಾರ್ಚ್ ಕೊನೇ ವಾರ ಲೆಕ್ಕ ತಾಳೆಯಾಗದೇ ಇದ್ದಾಗ ನೀವು ಮೂರು ಗಂಟೆ ತಲೆ ಎತ್ತದೆ ಕೂರಲ್ವಾ? ಅದೇ ತಲೆ ಇದು.

ಡೋಪಮೈನ್ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಯಾಕಂದ್ರೆ ಇದರಲ್ಲಿ ಅರ್ಧ ನಿಜ ಇದೆ. ಡೋಪಮೈನ್ ಅಂದ್ರೆ ಮೆದುಳಿನದೇ ಒಂದು ರಾಸಾಯನಿಕ, ಮೈಯಲ್ಲಿ ತುಂಬ್ಕೊಳ್ಳೋ ವಿಷ ಅಲ್ಲ, ಮೂರು ದಿನ ಉಪವಾಸ ಮಾಡಿ ತೊಳೆದು ಹೊರಗೆ ಹಾಕೋಕ್ಕೆ. ಅದಿಲ್ಲದಿದ್ರೆ ಎದ್ದು ನೀರು ಕುಡಿಯೋಕ್ಕೂ ಮನಸ್ಸು ಬರಲ್ಲ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳಿಗೆ ಜ್ಯೂಸ್ ಕೊಟ್ಟು ನೋಡಿದ್ರು. ಮೊದಮೊದಲು ಜ್ಯೂಸ್ ಬಾಯಿಗೆ ಬಿದ್ದಾಗ ಡೋಪಮೈನ್ ನರಕೋಶ ಚುರುಕಾಗ್ತಿತ್ತು, ಲೈಟ್ ಹತ್ತಿದ ಮೇಲೆ ಜ್ಯೂಸ್ ಬರತ್ತೆ ಅಂತ ಗೊತ್ತಾದ ಮೇಲೆ ಲೈಟ್ ಹತ್ತಿದಾಗಲೇ ಚುರುಕಾಗೋಕ್ಕೆ ಶುರುವಾಯ್ತು, ಜ್ಯೂಸ್ ಬಂದಾಗ ಏನೂ ಇಲ್ಲ. ಅಂದ್ರೆ ಅದು ಖುಷಿಗಿಂತ ಹೆಚ್ಚಾಗಿ ‘ಈಗ ಬರತ್ತೆ’ ಅನ್ನೋ ಆಸೆ. ನೀವು ರೀಲ್ಸ್ ನೋಡುವಾಗ ಬೆರಳು ಓಡ್ತಾನೇ ಇರತ್ತೆ, ಆದ್ರೆ ಮಸ್ಜಿದ್ ಸ್ಟೇಷನ್ ದಾಟುವಾಗ ಯಾರಾದ್ರೂ ಏನು ನೋಡಿದ್ರಿ ಅಂತ ಕೇಳಿದ್ರೆ ಒಂದೂ ನೆನಪಿರಲ್ಲ, ಅದಕ್ಕೇ. ಬೇಕು ಅನ್ನೋದು ಬೇರೆ, ಇಷ್ಟ ಆಯ್ತು ಅನ್ನೋದು ಬೇರೆ.

ಇದರ ಮೇಲೆ ಎರಡು ಚಾಲಾಕಿ. ಒಂದು, ಯಾವಾಗ ಒಳ್ಳೇದು ಸಿಗತ್ತೆ ಅಂತ ಗೊತ್ತಿಲ್ಲದೇ ಇರೋದು. ಸ್ಕಿನ್ನರ್ ಅನ್ನೋ ಮನಃಶಾಸ್ತ್ರಜ್ಞ ಪಾರಿವಾಳ ಇಟ್ಕೊಂಡು ಇದನ್ನ 1950ರ ದಶಕದಲ್ಲೇ ತೋರಿಸಿದ್ದ, ಕುಕ್ಕಿದಾಗೆಲ್ಲ ಕಾಳು ಕೊಟ್ರೆ ಹಕ್ಕಿ ಹಸಿವಾದಾಗ ಮಾತ್ರ ಬರತ್ತೆ, ಒಮ್ಮೆ ಕೊಟ್ಟು ಒಮ್ಮೆ ಕೊಡದೇ ಇದ್ರೆ ಕುಕ್ಕುತ್ತಲೇ ಇರತ್ತೆ. ಎರಡನೇದು, ಪುಟ ಮುಗಿಯದೇ ಇರೋದು. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ಡಿಸೈನರ್, ಕೆಳಗೆ ಹೋದಷ್ಟೂ ತಾನೇ ತುಂಬಿಕೊಳ್ಳೋ ಸ್ಕ್ರೋಲ್ ಮಾಡಿದ್ರು, ಆಮೇಲೆ ಅವರೇ ಇದರಿಂದ ಇಂಥಾ ಪರಿಣಾಮ ಆಗತ್ತೆ ಅಂತ ಗೊತ್ತಿರಲಿಲ್ಲ ಅಂತ ಬಹಿರಂಗವಾಗಿ ಬೇಜಾರು ಮಾಡ್ಕೊಂಡ್ರು. ಪೇಪರಿಗೆ ಕೊನೇ ಪುಟ ಇತ್ತು, ಇದಕ್ಕಿಲ್ಲ. ಹಾಗಾಗಿ ನಾಲ್ಕನೇ ದಿನ ಆಪ್ ವಾಪಸ್ ಹಾಕ್ಕೊಂಡಿದ್ದಕ್ಕೆ ನಿಮಗೆ ಸಂಕಲ್ಪಶಕ್ತಿ ಇಲ್ಲ ಅಂತ ಅಂದ್ಕೋಬೇಡಿ, ಎದುರಿಗೆ ಕೂತಿರೋದು ನೂರಾರು ಇಂಜಿನಿಯರುಗಳು.

‘ಅಡಿಕ್ಷನ್’ ಅನ್ನೋ ಪದವನ್ನೂ ಸ್ವಲ್ಪ ಹುಷಾರಾಗಿ ಬಳಸಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 2022ರಿಂದ ಗೇಮಿಂಗ್ ಒಂದು ಕಾಯಿಲೆಯಾಗಿ ಸೇರಿದೆ, ರೀಲ್ಸ್ ನೋಡೋದು ಸೇರಿಲ್ಲ. ಅಭ್ಯಾಸ ಕೆಟ್ಟಿದೆ ಅನ್ನೋದಕ್ಕೂ ಕಾಯಿಲೆ ಅನ್ನೋದಕ್ಕೂ ವ್ಯತ್ಯಾಸ ಇದೆ, ಅದನ್ನ ಕೊನೆಗೆ ಹೇಳ್ತೀನಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನಿಮ್ಮ ಟೈಮ್ ಹೋಗಿದ್ದರಿಂದ ಕಥೆ ನಿಂತಿದ್ದಲ್ಲ. ಟೈಮ್ ಈ ಊರಲ್ಲಿ ಯಾರಿಗಿತ್ತು ಯಾವತ್ತು? ಕಂಪನಿ ಕೆಲಸ ಮಾಡ್ಕೊಂಡೇ, ಲೋಕಲ್‌ನಲ್ಲಿ ಓಡಾಡ್ಕೊಂಡೇ ಕನ್ನಡದಲ್ಲಿ ಕಥೆ ಕಾದಂಬರಿ ಬರೆದ ಮುಂಬಯಿಯವರು ಒಬ್ಬಿಬ್ಬರಲ್ಲ. ನಿಮ್ಮ ಪತ್ರದಲ್ಲಿ ನೀವೇ ಸಲೀಸಾಗಿ ದಾಟಿಸಿಬಿಟ್ಟ ಒಂದು ಮಾತಿದೆ, ಏನಾದ್ರೂ ತೋಚಿದ್ರೆ ಎರಡು ಸಾಲು ಸ್ಟೇಟಸ್‌ಗೆ ಹಾಕ್ತೀನಿ ಅಂತ. ನನ್ನ ಪ್ರಕಾರ ಗಂಟು ಇರೋದು ಅಲ್ಲಿ.

ದೋಸೆ ಹಿಟ್ಟು ರುಬ್ಬಿಟ್ಟು ಹತ್ತು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಒಂದೊಂದು ಸೌಟು ಹುಯ್ದು ತಿಂದ್ರೆ ಏನಾಗತ್ತೆ? ಹೊಟ್ಟೆ ತುಂಬತ್ತೆ, ಹಿಟ್ಟು ಹುಳಿ ಬರೋದೇ ಇಲ್ಲ. ಒಂದು ಕಂಡ ದೃಶ್ಯ, ಕೇಳಿದ ಮಾತು, ಒಂದು ಅವಮಾನ, ಇವೆಲ್ಲ ಒಳಗೆ ಕೂತು ಸ್ವಲ್ಪ ದಿನ ಕಾಡ್ಬೇಕು, ಯಾರಿಗಾದ್ರೂ ಹೇಳ್ಬೇಕಲ್ಲ ಅಂತ ಚಡಪಡಿಸ್ಬೇಕು, ಆ ಚಡಪಡಿಕೆನೇ ನಿಮ್ಮನ್ನ ಡೈರಿ ತನಕ ಎಳ್ಕೊಂಡು ಹೋಗ್ತಾ ಇದ್ದಿದ್ದು. ಈಗ ತೋಚಿದ ಐದನೇ ನಿಮಿಷಕ್ಕೆ ಎರಡು ಸಾಲು ಹಾಕ್ತೀರಿ, 43 ಜನ ನೋಡ್ತಾರೆ, ನಾಲ್ಕು ಹಾರ್ಟ್ ಬರತ್ತೆ, ಚಿಕ್ಕಮ್ಮ ‘ಸೂಪರ್’ ಅಂತಾರೆ. ಹೇಳಿ ಆಯ್ತು ಅಂತ ಮನಸ್ಸು ಫೈಲ್ ಮುಚ್ಚಿಬಿಡತ್ತೆ. ಇಪ್ಪತ್ನಾಲ್ಕು ಗಂಟೆಗೆ ಸ್ಟೇಟಸ್ಸೂ ಹೋಗತ್ತೆ, ಅದರ ಜೊತೆ ನಿಮ್ಮ ಕಥೆಯೂ.

ಇದು ನನ್ನ ಕ್ಲಿನಿಕ್‌ನ ಅನುಭವದ ಮಾತು, ಆದ್ರೆ ಇದಕ್ಕೆ ಹಿಂದಿನವರ ಬೆಂಬಲವೂ ಇದೆ. ಗ್ರಹಾಂ ವಾಲಸ್ ಅನ್ನೋರು 1926ರಲ್ಲೇ ಹೊಸ ಯೋಚನೆ ಹುಟ್ಟೋ ಹಂತಗಳನ್ನ ವಿಂಗಡಿಸಿ, ತಯಾರಿ ಆದ ಮೇಲೆ ಅದನ್ನ ಬಿಟ್ಟು ಸುಮ್ಮನಿರೋ ಒಂದು ಹಂತ ಇದೆ, ಕೋಳಿ ಮೊಟ್ಟೆಗೆ ಕಾವು ಕೊಡೋ ಥರದ್ದು, ಅದಾದ ಮೇಲೇ ಹೊಳೆಯೋದು ಅಂದಿದ್ರು. 2014ರಲ್ಲಿ ಬ್ರಿಟನ್ನಿನ ಇಬ್ಬರು ಸಂಶೋಧಕಿಯರು ಒಂದು ಗುಂಪಿಗೆ ಟೆಲಿಫೋನ್ ಡೈರೆಕ್ಟರಿಯಿಂದ ನಂಬರ್ ನಕಲು ಮಾಡೋ ಬೋರು ಕೆಲಸ ಕೊಟ್ಟು, ಆಮೇಲೆ ಪ್ಲಾಸ್ಟಿಕ್ ಕಪ್‌ನಿಂದ ಏನೇನು ಮಾಡಬಹುದು ಹೇಳಿ ಅಂದ್ರು, ಬೋರಾದವರು ಬೋರಾಗದವರಿಗಿಂತ ಹೆಚ್ಚು ಉಪಾಯ ಹೇಳಿದ್ರು. ಸಣ್ಣ ಪ್ರಯೋಗ, ಅದರ ಮೇಲೆ ಮಹಲು ಕಟ್ಟೋದು ಬೇಡ, ಆದ್ರೆ ಸಾಯನ್ ಕುರ್ಲಾ ಮಧ್ಯ ನಿಮಗೆ ಆಗಿದ್ದು ಇದೇ ಅಲ್ವಾ.

ನಿಮ್ಮ ಊಟದ ಹೊತ್ತಿನ ಮೌನವೂ ಇದೇ ಹಿಟ್ಟಿನ ಇನ್ನೊಂದು ದೋಸೆ. ಫ್ಯಾಮಿಲಿ ಗ್ರೂಪಲ್ಲಿ ಮಧ್ಯಾಹ್ನ ಫೋಟೋ ಬಂತು, ನೋಡಿದ್ರಿ, ಯಜಮಾನ್ರೂ ನೋಡಿದ್ರು, ಬ್ಲೂ ಟಿಕ್ ಬಂತು. ರಾತ್ರಿ ನೀವು ‘ರೀ, ದೊಡ್ಡಕ್ಕನ ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ತಂತೆ’ ಅಂದ್ರೆ ಅವರು ‘ಗೊತ್ತು, ನೋಡ್ದೆ’ ಅಂತಾರೆ. ಈ ‘ಗೊತ್ತು, ನೋಡ್ದೆ’ ಅನ್ನೋ ಮಾತು ನನ್ನ ಕ್ಲಿನಿಕ್‌ಗೆ ಬರೋ ಗಂಡ ಹೆಂಡ್ತೀರಿಂದ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಜಗಳ ಆಡಿದ ಮನೆ ಆದ್ರೂ ಸರಿಹೋಗತ್ತೆ, ಈ ‘ಗೊತ್ತು’ ಇರೋ ಮನೆ ಕಷ್ಟ. ಮೊದಲೆಲ್ಲ ಮನೆಗೆ ಬರುವಾಗ ಜೇಬಲ್ಲಿ ಏನೋ ಒಂದು ಸುದ್ದಿ ಇಟ್ಕೊಂಡು ಬರ್ತಿದ್ರು, ಈಗ ಜೇಬು ದಾರಿಯಲ್ಲೇ ಖಾಲಿ. ಬರೀ ನಿಮ್ಮನೆ ಕಥೆ ಅಲ್ಲ ಇದು, ನಮ್ಮನೇದೂ. ನಾನೇ ಒಂದು ವರ್ಷ ರಾತ್ರಿ ಊಟಕ್ಕೆ ಫೋನ್ ಇಟ್ಕೊಂಡೇ ಕೂರ್ತಿದ್ದೆ, ಪೇಷಂಟ್ ಮೆಸೇಜ್ ಬರಬಹುದು ಅನ್ನೋ ನೆಪ.

ಇನ್ನು ಏನು ಮಾಡಬಹುದು. ಬಟನ್ ಫೋನ್ ಬಗ್ಗೆ ಮೊದಲು, ಕೇಳಿದ್ದೀರಿ ಅಂತ. ಕೆಲವರಿಗೆ ಕೆಲಸ ಮಾಡಿದೆ, ಒಂಟಿಯಾಗಿರೋ, ಆಫೀಸ್ ವಾಟ್ಸಾಪ್ ಇಲ್ಲದವರಿಗೆ. ನಿಮಗೆ ಯುಪಿಐ ಬೇಕು, ಟಿಕೆಟ್ ಪಾಸ್ ಬೇಕು, ಸೊಸೈಟಿ ಗ್ರೂಪ್ ಬೇಕು, ಕೊನೆಗೆ ಬ್ಯಾಗಲ್ಲಿ ಎರಡು ಫೋನ್ ಆಗತ್ತೆ. ಡಿಟಾಕ್ಸ್ ಅನ್ನೋದರ ಕಥೆಯೂ ಇಷ್ಟೇ, ನಮ್ಮ ಮರಾಠಿ ಅಕ್ಕಪಕ್ಕದವರು ಹೇಳ್ತಾರಲ್ಲ, ‘ಏಕಾದಶಿ, ದುಪ್ಪಟ್ ಖಾಶಿ’ ಅಂತ, ಏಕಾದಶಿ ಉಪವಾಸದ ದಿನ ಎರಡರಷ್ಟು ತಿನ್ನೋದು, ಮೂರು ದಿನ ಬಿಟ್ಟು ನಾಲ್ಕನೇ ದಿನ ನೀವು ಮಾಡಿದ್ದೂ ಅದೇ. ಆಪ್ ಟೈಮರ್ ಹಾಕೋದು ಬೇಕಾದ್ರೆ ಮಾಡಿ, ಆದ್ರೆ ‘ಇನ್ನು 15 ನಿಮಿಷ’ ಬಟನ್ ಒತ್ತೋದು ಎರಡೇ ವಾರದಲ್ಲಿ ಕೈಗೆ ರೂಢಿ ಆಗಿಬಿಡತ್ತೆ, ಪಾಸ್‌ವರ್ಡ್ ಮಗಳ ಕೈಗೆ ಕೊಟ್ರೆ ಅವಳು ನಿಮ್ಮ ಪೊಲೀಸ್ ಆಗ್ತಾಳೆ, ಅದು ಇನ್ನೂ ಬೇಡ.

ನೋಟಿಫಿಕೇಶನ್ ಮಾತ್ರ ಸರಿಮಾಡಿ, ಇದು ಸುಲಭ, ಪ್ರಯೋಜನ ಜಾಸ್ತಿ. 2019ರ ಒಂದು ಪ್ರಯೋಗದಲ್ಲಿ ನೋಟಿಫಿಕೇಶನ್‌ಗಳನ್ನ ದಿನಕ್ಕೆ ಮೂರು ಸಲ ಕಂತಲ್ಲಿ ಬರೋ ಹಾಗೆ ಮಾಡಿದವರಿಗೆ ನೆಮ್ಮದಿ ಹೆಚ್ಚಾಯ್ತು, ಪೂರ್ತಿ ಬಂದ್ ಮಾಡಿದವರಿಗೆ ಮಾತ್ರ ಏನೋ ತಪ್ಪಿಹೋಗ್ತಿದೆ ಅನ್ನೋ ಆತಂಕ ಜಾಸ್ತಿ ಆಯ್ತು. ಹಾಗಾಗಿ ಕಾಲ್ ರಿಂಗ್ ಇರಲಿ, ಮನೆಯವರು ಮಗಳು ಅಮ್ಮ ಇವರ ಮೆಸೇಜ್ ಸದ್ದು ಇರಲಿ, ಉಳಿದ ಗ್ರೂಪ್ ಎಲ್ಲ ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಿ, ಮಧ್ಯಾಹ್ನ ಟಿಫಿನ್ ಹೊತ್ತಿಗೆ ಒಮ್ಮೆ ಸಂಜೆ ಒಮ್ಮೆ ನೋಡಿ. ಗುಡ್ ಮಾರ್ನಿಂಗ್ ಮೆಸೇಜಿಗೆ ಉತ್ತರ ಬರದಿದ್ರೆ ಊರಲ್ಲಿ ಯಾರಾದ್ರೂ ಮುನಿಸ್ಕೊಳ್ತಾರೆ, ಮುನಿಸ್ಕೊಳ್ಳಲಿ, ಭಾನುವಾರ ಒಂದು ಫೋನ್ ಮಾಡಿ ಸರಿಮಾಡ್ಕೊಳ್ಳಿ.

ಟ್ರೈನಿಂದು ಬಹಳ ಮುಖ್ಯ. ಇಡೀ ದಾರಿ ಬಿಡಿ ಅಂತ ನಾನು ಹೇಳಲ್ಲ, ಬೆಳಿಗ್ಗೆ ಡೊಂಬಿವ್ಲಿಯಿಂದ ಠಾಣೆ ತನಕ ಮಾತ್ರ ಫೋನ್ ಬ್ಯಾಗ್ ಒಳಗೆ. ಅಷ್ಟೇ. ಆ ಗರ್ದಿಯಲ್ಲಿ ಬರೆಯೋಕ್ಕಾಗಲ್ಲ ಅಂತ ಗೊತ್ತು, ಬರೀಬೇಡಿ, ಸುಮ್ನೆ ನಿಂತಿರಿ. ಮೊದಲ ವಾರ ಕೈ ತನ್ನಷ್ಟಕ್ಕೆ ಜಿಪ್ ಕಡೆ ಹೋಗತ್ತೆ, ಬೋರಾಗತ್ತೆ, ತಲೆಯಲ್ಲಿ ಬರೀ ಚಿಂತೆನೇ ಓಡಾಡತ್ತೆ, ಮಗಳ ಫೀಸು, ಇಎಂಐ, ಅತ್ತೆ ಮಾತು. ಇದೇ ಇದರ ರಿಸ್ಕು, ಫೋನ್ ಎಷ್ಟೋ ಜನಕ್ಕೆ ಆ ಚಿಂತೆಗಳ ಮೇಲೆ ಹೊದಿಸಿದ ಚಾದರ, ಅದನ್ನ ತೆಗೆದಾಗ ಕೆಳಗಿದ್ದದ್ದು ಕಾಣತ್ತೆ. ಸಾಮಾನ್ಯವಾಗಿ ಹತ್ತು ಹನ್ನೆರಡು ದಿನದಲ್ಲಿ ತಿಳಿಯಾಗತ್ತೆ, ಆಗದೇ ಚಿಂತೆ ಇನ್ನೂ ಹೆಚ್ಚಾದ್ರೆ ಅದು ಫೋನಿನ ವಿಷಯ ಅಲ್ಲ, ಬಂದು ಮಾತಾಡಿ. ಸಂಜೆ ಲೇಟಾಗಿ ಖಾಲಿ ಡಬ್ಬಾದಲ್ಲಿ ಬರೋ ದಿನ ಮಾತ್ರ ಫೋನ್ ಕೈಯಲ್ಲೇ ಇರಲಿ, ಅಲ್ಲಿ ಸುರಕ್ಷತೆ ಮೊದಲು.

ಅಕ್ಕಪಕ್ಕ ಯಾರಾದ್ರೂ ಮಾತಾಡಿಸಿದ್ರೆ ಮಾತಾಡಿ. ಶಿಕಾಗೋದಲ್ಲಿ 2014ರಲ್ಲಿ ಎಪ್ಲಿ ಮತ್ತು ಶ್ರೋಡರ್ ಅನ್ನೋ ಇಬ್ಬರು ಲೋಕಲ್ ಟ್ರೈನ್ ಪ್ರಯಾಣಿಕರಿಗೆ ಅಪರಿಚಿತರ ಜೊತೆ ಮಾತಾಡಿ ಅಂದ್ರು, ಎಲ್ಲರೂ ಮುಜುಗರ ಆಗತ್ತೆ ಅಂದ್ಕೊಂಡಿದ್ರು, ಮಾತಾಡಿದವರಿಗೆ ಸುಮ್ನೆ ಕೂತವರಿಗಿಂತ ಪ್ರಯಾಣ ಖುಷಿ ಕೊಟ್ಟಿತ್ತು. ನಂಗೆ ನಗು ಬಂತು ಓದಿ, ನಮ್ಮ ಲೇಡೀಸ್ ಡಬ್ಬಾದಲ್ಲಿ ಮೆಂತೆ ಸೊಪ್ಪು ಬಿಡಿಸ್ತಾ, ಹಳದಿಕುಂಕುಮ ಮಾಡ್ತಾ, ಪಕ್ಕದ ಡಬ್ಬಾದ ಭಜನೆ ಕೇಳ್ತಾ ಬರೋದು ಯಾವ ಪ್ರಯೋಗ ಇಲ್ಲದೇ ನಡೀತಿತ್ತು. ಈಗಲೂ ನಡೆಯತ್ತೆ, ಸ್ವಲ್ಪ ಕಮ್ಮಿ, ಕಿವಿಯಲ್ಲಿ ಇಯರ್‌ಫೋನ್ ಜಾಸ್ತಿ.

ಸ್ಟೇಟಸ್‌ಗೆ ಒಂದು ನಿಯಮ ಮಾಡ್ಕೊಳ್ಳಿ. ಹಬ್ಬ, ಮೋದಕ, ಮಳೆ ಫೋಟೋ ಎಲ್ಲ ಹಾಕಿ, ಯಾರು ಬೇಡ ಅಂದ್ರು. ಆದ್ರೆ ಯಾವುದು ಕಂಡಾಗ ಒಳಗೆ ಚುಚ್ಚಿದ ಹಾಗಾಯ್ತೋ ಅದನ್ನ ಎಂಟು ದಿನ ಯಾರಿಗೂ ಹೇಳಬೇಡಿ, ಯಾವ ಗ್ರೂಪಿಗೂ ಹಾಕಬೇಡಿ. ಒಂದು ಸಣ್ಣ ನೋಟ್‌ಬುಕ್ಕಲ್ಲಿ ಒಂದು ಗುರುತು ಮಾತ್ರ, ‘ವಾಲ್, ಮಾವಶಿ’ ಅಂತ, ಅಷ್ಟು ಸಾಕು. ಫೋನಿನ ನೋಟ್ಸ್‌ನಲ್ಲಿ ಬೇಡ, ಅಲ್ಲಿಗೆ ಹೋಗೋ ದಾರಿಯಲ್ಲಿ ರೀಲ್ಸ್ ಅಂಗಡಿ ಇದೆ. ಎಂಟು ದಿನ ಆದ ಮೇಲೆ ಅರ್ಧಕ್ಕರ್ಧ ಸಪ್ಪೆ ಅನ್ನಿಸತ್ತೆ, ಬಿಟ್ಟುಬಿಡಿ, ಉಳಿದದ್ದರಲ್ಲಿ ಒಂದೋ ಎರಡೋ ಬೆಳೆದಿರತ್ತೆ. ಇದರಲ್ಲಿ ಸೋಲೂ ಇದೆ, ಎಂಟು ದಿನ ಹಿಡ್ಕೊಂಡು ಬರೆದದ್ದು ಕೆಟ್ಟದಾಗಿ ಬರಬಹುದು, ಸ್ಟೇಟಸ್‌ಗೆ ನಾಲ್ಕು ಹಾರ್ಟ್ ಗ್ಯಾರಂಟಿ, ಕಥೆಗೆ ಯಾರೂ ಗ್ಯಾರಂಟಿ ಕೊಡಲ್ಲ.

ರಾತ್ರಿಯ ಆ ಒಂದು ಗಂಟೆ ಬಗ್ಗೆ ನಾನು ಬೈಯಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಶಿಫ್ಟ್ ಮುಗಿಸಿದ ಹೆಂಗಸಿಗೆ ನಂದು ಅನ್ನೋ ಟೈಮು ದಿನದಲ್ಲಿ ಅದೊಂದೇ. ನನ್ನ ಹತ್ರ ಬಂದವರೊಬ್ರು ತುಂಬಾ ಹೆಮ್ಮೆಯಿಂದ ‘ಮೇಡಂ, ಫೋನ್ ಬಿಟ್ಟೆ, ಈಗ ಆ ಟೈಮಲ್ಲಿ ನಾಳೆ ತರಕಾರಿ ಹೆಚ್ಚಿಡ್ತೀನಿ’ ಅಂದ್ರು, ನಂಗೆ ಅಳು ಬರೋದೊಂದು ಬಾಕಿ. ಆ ಗಂಟೆ ಬಿಟ್ಟುಕೊಡಬೇಡಿ, ಯಾರಿಗೂ. ಫೋನ್ ಚಾರ್ಜಿಗೆ ಹಾಲಲ್ಲಿ ಇಟ್ಟು, ಅದೇ ಗಂಟೆಯಲ್ಲಿ ಹಾಸಿಗೆ ಮೇಲೆ ಏನು ಬೇಕೋ ಮಾಡಿ, ಹಳೇ ಪತ್ರಿಕೆ ಓದಿ, ಛಾವಣಿ ನೋಡಿ. ಅಲಾರಂಗೆ ಒಂದು ಗಡಿಯಾರ ತಗೊಳ್ಳಿ, ಫೋನ್ ಪಕ್ಕಕ್ಕೆ ಬರೋದು ಯಾವಾಗಲೂ ಅಲಾರಂ ನೆಪದಲ್ಲೇ.

ಊಟದ ಹೊತ್ತಿಗೆ ಒಬ್ಬರೇ ಫೋನ್ ಬಿಟ್ರೆ ಏನೂ ಆಗಲ್ಲ, ಇನ್ನಿಬ್ಬರ ಹಣೆ ನೋಡ್ತಾ ಕೂತಿರಬೇಕಾಗತ್ತೆ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಅನ್ನೋ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗತ್ತೆ, ಊರಿಗೆ ಊರೇ ಟಿವಿ ಮೊಬೈಲ್ ಬಂದ್, ಎಂಟೂವರೆಗೆ ಮತ್ತೆ ಸೈರನ್. ಲಾಕ್‌ಡೌನ್ ಆನ್‌ಲೈನ್ ಕ್ಲಾಸ್ ಆದ ಮೇಲೆ ಮಕ್ಕಳು ಫೋನ್ ಬಿಡ್ತಿಲ್ಲ ಅಂತ ಊರವರೇ ಸೇರಿ ಮಾಡ್ಕೊಂಡಿದ್ದು. ಅಲ್ಲಿ ಕೆಲಸ ಮಾಡಿದ್ದು ಸೈರನ್ ಅಲ್ಲ, ಎಲ್ಲರೂ ಒಟ್ಟಿಗೆ ಬಿಟ್ಟಿದ್ದು, ಅಪ್ಪಂದಿರೂ ಸೇರಿ. ನಿಮ್ಮನೇಲಿ ಇಪ್ಪತ್ತು ನಿಮಿಷ, ಮೂರೂ ಫೋನ್ ಫ್ರಿಡ್ಜ್ ಮೇಲೆ. ಯಜಮಾನ್ರಿಗೆ ಹೋಟೆಲಿಂದ ಕಾಲ್ ಬಂದೇ ಬರತ್ತೆ, ರಿಂಗ್ ಇರಲಿ, ಬಂದ್ರೆ ಎದ್ದು ಹೋಗಿ ಮಾತಾಡಿ ಬರಲಿ, ಹದಿನಾಲ್ಕು ಗಂಟೆ ಜನರ ಜೊತೆ ತಲೆ ಚಚ್ಕೊಂಡು ಬಂದವರಿಗೆ ಮೌನನೂ ಬೇಕಿರತ್ತೆ, ಅದನ್ನ ನಿಮ್ಮ ಮೇಲಿನ ಕೋಪ ಅಂತ ಓದಬೇಡಿ. ಮೊದಮೊದಲು ಇನ್ನೂ ಕೆಟ್ಟ ಮೌನ ಇರತ್ತೆ, ಸಾಂಬಾರಿಗೆ ಉಪ್ಪು ಸಾಕಾ ಅನ್ನೋದು ಬಿಟ್ಟು ಬೇರೆ ಮಾತಿರಲ್ಲ. ‘ಇವತ್ತು ಹೇಗಿತ್ತು’ ಅಂತ ಕೇಳಿದ್ರೆ ‘ಹೂಂ’ ಅಂತಲೇ ಉತ್ತರ. ‘ಇವತ್ತು ಹೋಟೆಲಲ್ಲಿ ಯಾರು ಕಿರಿಕ್ ಮಾಡಿದ್ರು’ ಅಂತ ಕೇಳಿ ನೋಡಿ.

ಮಗಳ ಫೋನ್ ಕಿತ್ಕೊಳ್ಳಬೇಡಿ. ಕಿತ್ಕೊಂಡ್ರೆ ಗೆಳತಿ ಫೋನಲ್ಲಿ ಅಕೌಂಟ್ ತೆರೀತಾಳೆ, ಏನಾದ್ರೂ ಎಡವಟ್ಟಾದ ದಿನ, ಯಾರಾದ್ರೂ ಫೋಟೋ ಇಟ್ಕೊಂಡು ಹೆದರಿಸಿದ ದಿನ, ನಿಮ್ಮ ಹತ್ರ ಬರೋ ಬದಲು ಮುಚ್ಚಿಡ್ತಾಳೆ. ಈ ಎರಡನೇದನ್ನ ನಾನು ಕಣ್ಣಾರೆ ಕಂಡಿದ್ದೀನಿ, ಆ ಹುಡುಗಿ ಏಳು ತಿಂಗಳು ಮನೇಲಿ ಹೇಳಿರಲಿಲ್ಲ.

ಅವಳ ಚಿತ್ರದ ವಿಷಯದಲ್ಲಿ ನಿಮಗೊಂದು ಕಹಿ ಮಾತು ಹೇಳ್ಬೇಕು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಸ್ಟ್ಯಾನ್‌ಫರ್ಡ್‌ನ ನರ್ಸರಿಯಲ್ಲಿ, ಚಿತ್ರ ಬಿಡಿಸೋದು ಅಂದ್ರೆ ಪ್ರಾಣ ಅನ್ನೋ ಮಕ್ಕಳನ್ನ ಆರಿಸಿ, ಕೆಲವರಿಗೆ ಮಾತ್ರ ‘ಚಿತ್ರ ಬಿಡಿಸಿದ್ರೆ ರಿಬ್ಬನ್ ಇರೋ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದ್ರು, ಕೊಟ್ಟರು. ಒಂದೆರಡು ವಾರ ಆದ ಮೇಲೆ ನೋಡಿದ್ರೆ, ಸರ್ಟಿಫಿಕೇಟ್ ಆಸೆಗೆ ಬಿಡಿಸಿದ್ದ ಮಕ್ಕಳು ಬಿಡುವಿನ ಹೊತ್ತಲ್ಲಿ ಸ್ಕೆಚ್‌ಪೆನ್ ಮುಟ್ಟಿದ್ದು ಉಳಿದವರ ಅರ್ಧದಷ್ಟೇ. ಲೈಕ್ ಅಂದ್ರೆ ದಿನಾ ಕೈಗೆ ಬರೋ ರಿಬ್ಬನ್. ಅದನ್ನ ಅವಳಿಗೆ ಇನ್‌ಸ್ಟಾ ಒಂದೇ ಕೊಡ್ತಿಲ್ಲ, ಪ್ರೋತ್ಸಾಹ ಅಂತ ನೀವೂ ನಿಮ್ಮ ಸ್ಟೇಟಸ್‌ಗೆ ಹಾಕಿ ‘ಅತ್ತೆ ನೋಡಿದ್ರು, ಮಾಮ ನೋಡಿದ್ರು’ ಅಂತ ಹೇಳ್ತಿದ್ದೀರಿ. ಅದನ್ನ ನಿಲ್ಲಿಸಿ, ಅಥವಾ ಅವಳನ್ನ ಕೇಳಿ ಹಾಕಿ. ಒಂದು ಒಳ್ಳೇ ಸ್ಕೆಚ್‌ಬುಕ್ ತಂದ್ಕೊಡಿ, ಇದರದ್ದು ಯಾವುದೂ ಎಲ್ಲೂ ಹಾಕೋಹಾಗಿಲ್ಲ, ನಾನೂ ನೋಡಲ್ಲ ನೀನಾಗೇ ತೋರಿಸೋವರೆಗೂ ಅಂತ ಹೇಳಿ. ಉಳಿದದ್ದನ್ನ ಅವಳು ಹಾಕ್ಕೊಳ್ಳಲಿ, ಆನ್‌ಲೈನಲ್ಲಿ ಚಿತ್ರ ಕಲಿತ ಎಷ್ಟೋ ಮಕ್ಕಳಿದ್ದಾರೆ, ಅಲ್ಲಿ ಒಳ್ಳೇ ಗುರುಗಳೂ ಸಿಗ್ತಾರೆ. ಡಿಲೀಟ್ ಮಾಡೋಕ್ಕೆ ಮುಂಚೆ ಅದರ ಒಂದು ಪ್ರಿಂಟ್ ನಿಮಗೆ ಬೇಕು ಅಂತ ಕೇಳಿಟ್ಟಿರಿ.

ಎಐ ಬಗ್ಗೆ ಜಾಸ್ತಿ ಹೇಳಲ್ಲ. ಅದು ಲೆಕ್ಕವಿಲ್ಲದಷ್ಟು ಓದಿದ್ದರ ಆಧಾರದ ಮೇಲೆ ಮುಂದೆ ಯಾವ ಪದ ಬರೋ ಸಂಭವ ಇದೆ ಅಂತ ಒಂದೊಂದಾಗಿ ಜೋಡಿಸ್ಕೊಂಡು ಹೋಗತ್ತೆ, ಹಾಗಾಗಿ ಬರೋ ಸಂಭವ ಇರೋ ಕಥೆನೇ ಬರತ್ತೆ. ಕಾಗುಣಿತ ನೋಡೋಕ್ಕೆ, ಕೈಬರಹ ಟೈಪ್ ಮಾಡಿಸೋಕ್ಕೆ ಬಳಸಿ. ಮೊದಲ ಡ್ರಾಫ್ಟ್‌ಗೆ ಬೇಡ, ಏನು ಹೇಳ್ಬೇಕಿತ್ತು ಅಂತ ನಿಮಗೇ ಗೊತ್ತಾಗೋದು ಆ ಕೆಟ್ಟ ಮೊದಲ ಡ್ರಾಫ್ಟಲ್ಲೇ.

ಡಾಕ್ಟರ್ ಹತ್ರ ಹೋಗಬೇಕಾದ್ದು ಯಾವಾಗ ಅಂದ್ರೆ, ನಿದ್ದೆ ವಾರಗಟ್ಟಲೆ ಕೆಟ್ಟಿದ್ರೆ, ಫೋನ್ ಬಿಟ್ಟರೆ ಮೈ ನಡುಗಿ ಸಿಟ್ಟು ಬಂದು ಕೆಲಸ ಶಾಲೆ ತಪ್ಪಿಸೋ ಹಾಗಾದ್ರೆ, ಮೊದಲು ಇಷ್ಟವಾಗ್ತಿದ್ದ ಯಾವುದೂ ರುಚಿಸದೇ ಇದ್ರೆ, ಮಗಳ ಮಂಕು ಎರಡು ವಾರ ದಾಟಿ ಊಟ ಗೆಳತಿಯರು ಎಲ್ಲಾ ಬೇಡ ಅನ್ನೋ ಹಾಗಾದ್ರೆ. ಸರ್ಕಾರದ ಟೆಲಿ ಮಾನಸ್ 14416 ಉಚಿತ, ಯಾವ ಹೊತ್ತಲ್ಲಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ. ನಿಮ್ಮ ಪತ್ರದಲ್ಲಿ ನಿಮ್ಮ ಬಗ್ಗೆ ಅಂಥ ಲಕ್ಷಣ ನಂಗೆ ಕಾಣಲಿಲ್ಲ, ಮಗಳ ಮೇಲೆ ಮಾತ್ರ ಒಂದು ಕಣ್ಣಿರಲಿ.

ಆ ವೋಚರ್‌ಗಳನ್ನ ಎಸೆದಿಲ್ಲ ತಾನೇ? ಎಸೀಬೇಡಿ. ಗಂಡ, ಮಗಳು, ಫೋನು, ನಾಚಿಕೆ, ಎಲ್ಲಾ ಬಿಚ್ಚಿ ಹೇಳಿದ್ದೀರಿ ನಂಗೆ, ಹೇಳದೇ ಉಳಿಸ್ಕೊಂಡಿದ್ದು ಒಂದೇ, ಆ ಮಾವಶಿ ವಾಲ್ ಸುಲೀತಾ ಗಂಡನ ಬಗ್ಗೆ ಹೇಳಿದ ಮಾತು. ವಿಷಯಕ್ಕೆ ಸಂಬಂಧ ಇಲ್ಲ ಅಂತ ಬರೆದಿದ್ದೀರಿ. ಅದನ್ನ ದಯವಿಟ್ಟು ನಂಗೂ ಬರೆದು ಕಳಿಸಬೇಡಿ.